ನೀರಿಗೂ ರುಚಿ ಬೇಕು ಸ್ವಾಮಿ

ನಮಸ್ಕಾರ. ಇವತ್ತು ನೀರಿನ ಬಗ್ಗೆ ಒಂದೆರಡು ಮಾತು. ಗಾಬರಿಯಾಗಬೇಡಿ, ದಿನಕ್ಕೆ ಎಂಟು ಲೋಟ ಕುಡಿಯಿರಿ ಅಂತ ಹೇಳಲು ಬಂದಿಲ್ಲ. ಅದಕ್ಕೆ ವಾಟ್ಸಾಪ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆ ಎಂಟು ಲೋಟದ ಬೇರು ಹುಡುಕಿದವರು ಸಾಮಾನ್ಯವಾಗಿ ತೋರಿಸುವುದು 1945ರ ಒಂದು ಸಲಹೆಯನ್ನು. ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಎಂದಿತ್ತು ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ. ಅದರಲ್ಲಿ ಬಹುಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಜೊತೆಗೇ ಬರೆದಿತ್ತು. ಎರಡನೇ ಮಾತು ಯಾರಿಗೂ ನೆನಪಿಲ್ಲ! ಸಾರು, ಮಜ್ಜಿಗೆ, ಅಂಬಲಿ ಉಣ್ಣುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ? ಬಿಸಿಲಲ್ಲಿ ದುಡಿಯುವವರಿಗೆ ಜಾಸ್ತಿ ಬೇಕು, ನಿಜ. ಕಿಡ್ನಿ, ಹೃದಯದ ತೊಂದರೆ ಇದ್ದವರು ಡಾಕ್ಟರ್ ಹೇಳಿದಷ್ಟೇ ಕುಡಿಯಲಿ.

ನನ್ನ ತಕರಾರು ಬೇರೆ. ನಾವು ನೀರು ಕುಡಿಯದಿರುವುದು ಮರೆವಿನಿಂದ ಅಂತ ಎಲ್ಲರೂ ನಂಬಿದ್ದಾರೆ. ಅದಕ್ಕೇ ಗಂಟೆಗೊಮ್ಮೆ ಕಿರುಚುವ ಆ್ಯಪ್, ಗೆರೆ ಎಳೆದ ಬಾಟಲಿ. ನೀರನ್ನು ಮಾತ್ರೆ ಮಾಡಿಬಿಟ್ಟಿದ್ದೇವೆ. ಫಿಲ್ಟರ್ ನೀರು ಸಪ್ಪೆ. ಫ್ರಿಜ್ ನೀರು ಎರಡು ಗುಟುಕಿಗೇ ಹಲ್ಲು ಜುಮ್ಮೆನ್ನಿಸುತ್ತದೆ. ಕುಡಿಯಬೇಕು ಅಂತ ಅನ್ನಿಸುವುದೇ ಇಲ್ಲ.

ಮಡಿಕೆ ನೀರು ಹಾಗಲ್ಲ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆರುತ್ತದೆ, ಆರುವಾಗ ಒಳಗಿನ ಬಿಸಿಯನ್ನೂ ಕರೆದುಕೊಂಡು ಹೋಗುತ್ತದೆ. ಹಾಗಾಗಿ ರಾಯಚೂರಿನ ಒಣ ಬಿಸಿಲಲ್ಲಿ ಸಿಗುವಷ್ಟು ತಂಪು, ಮೈಮೇಲಿನ ಬೆವರೇ ಆರದ ಮಂಗಳೂರಿನಲ್ಲಿ ಸಿಗುವುದಿಲ್ಲ. ಕೊಳ್ಳುವಾಗ ಹೊಳೆಯುವ ಪೇಂಟ್ ಬಳಿದದ್ದು ಬೇಡ. ರಂಧ್ರ ಮುಚ್ಚಿದ ಮೇಲೆ ಅದು ಸುಮ್ನೆ ಚಂದದ ಡಬ್ಬ. ಹೊಸ ಮಡಿಕೆಯನ್ನು ರಾತ್ರಿಯಿಡೀ ನೆನೆಹಾಕಿ ಆ ನೀರು ಚೆಲ್ಲಿ. ಸೋಪು ಹಾಕಬೇಡಿ, ವಾಸನೆ ಹೀರಿಕೊಂಡರೆ ಬಿಡುವುದಿಲ್ಲ. ಒದ್ದೆ ಮರಳಿನ ಮೇಲೆ, ಗಾಳಿಯಾಡುವ ಕಡೆ ಕೂರಿಸಿ.

ಅದಕ್ಕೆ ಲಾವಂಚ, ಅಂದರೆ ಘಮಘಮಿಸುವ ಒಂದು ಹುಲ್ಲಿನ ಬೇರು, ಹಾಕಿ ನೋಡಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಒಂದು ಹಿಡಿ ತಂದು, ಕೆಸರು ಬಿಡುವುದು ನಿಲ್ಲುವವರೆಗೆ ತೊಳೆದು, ದಾರ ಕಟ್ಟಿ ಮಡಿಕೆಯೊಳಗೆ ಇಳಿಬಿಡಿ. ಕೆಲವೇ ಗಂಟೆಯಲ್ಲಿ ಘಮ ನೀರಿಗೆ ಇಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿದರೆ ಅದೇ ಬೇರು ಮತ್ತೆ ಬರುತ್ತದೆ. ನಮ್ಮನೆ ಮಕ್ಕಳಿಗೆ ನೀರು ಕುಡಿ, ನೀರು ಕುಡಿ ಅನ್ನುವ ಗೋಳು ತಪ್ಪಿದೆ. ಈಗ ಅಡುಗೆಮನೆ ನೆಲವೆಲ್ಲ ಒದ್ದೆ, ಅದೊಂದೇ ಗೋಳು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಬೆಲ್ಲದ ತುಂಡಿನ ಜೊತೆ ನೀರು ಕೊಡುತ್ತಾರಲ್ಲ, ಅದೂ ಒಳ್ಳೆಯ ಉಪಾಯವೇ. ಬೆಲ್ಲ ಕಚ್ಚಿದ ನಾಲಿಗೆ ತಾನಾಗಿ ನೀರು ಕೇಳುತ್ತದೆ.

ಆದರೆ ಎಷ್ಟು ರುಚಿ ಇದ್ದರೂ ಕುಡಿಯದವರು ಇದ್ದಾರೆ. 2019ರಲ್ಲಿ ಕೇರಳವನ್ನು ನೋಡಿ ನಮ್ಮ ಶಾಲೆಗಳಿಗೂ ವಾಟರ್ ಬೆಲ್, ಅಂದರೆ ಮಕ್ಕಳು ನೀರು ಕುಡಿಯಲೆಂದೇ ಹೊಡೆಯುವ ಗಂಟೆ, ಬಂತು. ಒಳ್ಳೆಯದೇ. ಆದರೂ ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗೆ ತುಂಬಿಸಿದ ಬಾಟಲಿಯನ್ನು ಸಂಜೆ ಹಾಗೇ ವಾಪಸ್ ತರುತ್ತಾರೆ. ಅವರು ಮರೆತಿಲ್ಲ. ಟಾಯ್ಲೆಟ್ಟಿನ ಚಿಲಕ ಕಿತ್ತಿದೆ, ನಲ್ಲಿಯಲ್ಲಿ ನೀರಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಕ್ಕನೂ ಲೆಕ್ಕ ಹಾಕಿಯೇ ಗುಟುಕರಿಸುವುದು. ಇವರಿಗೆ ನಾನು ಲಾವಂಚದ ಕಥೆ ಹೇಳಿದರೆ ನಗುತ್ತಾರೆ.

ಬೇಸಿಗೆ ಬಂದರೆ ಊರೂರಲ್ಲಿ ಅರವಟ್ಟಿಗೆ ಇಡುತ್ತಾರೆ. ಮಡಿಕೆ ಎರಡು, ಮೇಲೆ ಫ್ಲೆಕ್ಸ್ ಮಾತ್ರ ಆಳೆತ್ತರ. ಈ ಸಲ ಫ್ಲೆಕ್ಸ್ ದುಡ್ಡಲ್ಲಿ ಪಕ್ಕದ ಟಾಯ್ಲೆಟ್ಟಿಗೆ ಒಂದು ಚಿಲಕ, ಒಂದು ಬಕೆಟ್ಟು, ಒಂದು ಬಲ್ಬು ಹಾಕಿಸಿ. ಹೆಸರು ಬೇಕೇ ಬೇಕು ಅಂದರೆ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ನಮ್ಮದೇನೂ ಅಭ್ಯಂತರ ಇಲ್ಲ.