ಎಷ್ಟು ದೂರ ನಡೆಯುತ್ತೀರಿ?

ಕೇಳುಗರಿಗೆಲ್ಲ ನಮಸ್ಕಾರ. ಅರವತ್ತು ದಾಟಿದವರು, ವರ್ಷಗಟ್ಟಲೆ ಸೊಂಟ ನೋವು ಅನುಭವಿಸುತ್ತಿರುವವರು, ಅವರನ್ನು ಆಸ್ಪತ್ರೆಗೆ ಕರೆತರುವ ಮಗ, ಮಗಳು, ಸೊಸೆ, ನೀವೆಲ್ಲ ಸ್ವಲ್ಪ ಹತ್ತಿರ ಬಂದು ಕೂತು ಕೇಳಿ. ಮಾತ್ರೆಯೋ, ವ್ಯಾಯಾಮವೋ, ಬೆನ್ನಿಗೆ ಇಂಜೆಕ್ಷನ್ನೋ, ಆಪರೇಷನ್ನೋ? ಯಾವುದನ್ನೇ ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಎಲ್ಲೂ ನಿಲ್ಲದೆ ಎಷ್ಟು ದೂರ ನಡೆಯುತ್ತೀರಿ?

ನನ್ನ ಹತ್ತಿರ ಬರುವವರು ಕೂರುವ ಮೊದಲೇ ಎಂಆರ್‌ಐ ಕವರನ್ನು ಮೇಜಿನ ಮೇಲೆ ಇಡುತ್ತಾರೆ. "ಡಿಸ್ಕ್ ಸವೆದಿದೆಯಂತೆ ಡಾಕ್ಟ್ರೇ, ನರ ಒತ್ತಿದೆಯಂತೆ." ಡಿಸ್ಕ್ ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ. ಕೆಲವರಂತೂ ಹಿರಿಯರನ್ನು ಮನೆಯಲ್ಲೇ ಬಿಟ್ಟು ರಿಪೋರ್ಟ್ ಮಾತ್ರ ತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ನೋಡಬೇಕಾದ್ದು ನಿಮ್ಮ ತಾಯಿಯ ನಡಿಗೆಯನ್ನು. ಸೊಂಟ ನೋವೇ ಇಲ್ಲದ, 80 ವರ್ಷದವರಿಗೆ ಸ್ಕ್ಯಾನ್ ಮಾಡಿದರೂ ನೂರಕ್ಕೆ 96 ಜನರಲ್ಲಿ ಡಿಸ್ಕ್ ಸವೆದಿರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಹಾಕಿದ ಲೆಕ್ಕ ಇದು. ಹಳೇ ಮನೆಯ ಹೊಸ್ತಿಲು ಸವೆದಿದೆ ಅಂತ ಯಾರೂ ಮನೆ ಕೆಡವುವುದಿಲ್ಲ, ಅಲ್ವಾ?

ತಿಪಟೂರು ಕಡೆಯ ಗಂಡ ಹೆಂಡತಿ ಒಮ್ಮೆ ಬಂದಿದ್ದರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಮಗ ಇಬ್ಬರಿಗೂ ಸ್ಕ್ಯಾನ್ ಮಾಡಿಸಿಕೊಂಡೇ ಬಂದಿದ್ದ. ತಾಯಿಯ ರಿಪೋರ್ಟು ಓದಿ ಅವನಿಗೆ ನಿದ್ದೆ ಬಂದಿರಲಿಲ್ಲ. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವೆ ನರ ಇಳಿಯುವ ಜಾಗ ತುಂಬ ಕಿರಿದಾಗಿದೆ ಎಂದು ಬರೆದಿತ್ತು. ತಂದೆಯದ್ದು ಅಷ್ಟು ಕೆಟ್ಟದಾಗಿರಲಿಲ್ಲ. "ಅಮ್ಮನಿಗೆ ಆಪರೇಷನ್ ಮಾಡಿಬಿಡಿ, ಅಪ್ಪನಿಗೆ ಮಾತ್ರೆ ಸಾಕು" ಅಂದ.

ಇಬ್ಬರನ್ನೂ ಹೊರಗೆ ವರಾಂಡದಲ್ಲಿ ನಡೆಸಿದೆ. ಆ ತಾಯಿ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಾಡಿದರು, ದಾರಿಯುದ್ದಕ್ಕೂ ಹಸುವಿನ ವಿಷಯ ಹೇಳುತ್ತಲೇ ಇದ್ದರು. ಬೆಳಿಗ್ಗೆ ಎದ್ದಾಗ ಸೊಂಟ ಹಿಡಿಯುತ್ತದೆ, ಒಂದು ಗಳಿಗೆ ಕಳೆದರೆ ತೋಟಕ್ಕೆ ಹೋಗುತ್ತಾರೆ. ಯಜಮಾನರು ಅರ್ಧಕ್ಕೇ ನಿಂತರು. ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿದರು. "ಡೈರಿಗೆ ಹಾಲು ಹಾಕೋಕೆ ಹೇಗೆ ಹೋಗ್ತೀರಿ?" ಅಂತ ಕೇಳಿದೆ. "ಸೈಕಲ್ಲು ತುಳ್ಕೊಂಡು ಎಷ್ಟು ದೂರ ಬೇಕಾದ್ರೂ ಹೋಗ್ತೀನಿ ಸ್ವಾಮಿ. ನಡೆದ್ರೆ ಕಾಲು ಎಳೆಯುತ್ತೆ, ಜೋಮು ಹಿಡಿಯುತ್ತೆ. ಮೋರಿ ಮೇಲೆ ಕೂತ್ರೆ ಸರಿಹೋಗುತ್ತೆ."

ಕಾಯಿಲೆ ಏನು ಅಂತ ಅವರ ಮಾತಿನಲ್ಲೇ ಇತ್ತು. ನೆಟ್ಟಗೆ ನಿಂತಾಗ ನರದ ಜಾಗ ಇನ್ನೂ ಕಿರಿದಾಗುತ್ತದೆ. ಮುಂದೆ ಬಾಗಿದರೆ, ಕೂತರೆ ಸ್ವಲ್ಪ ಅಗಲವಾಗುತ್ತದೆ. ಅದಕ್ಕೇ ಸೈಕಲ್ ತುಳಿದರೆ ತೊಂದರೆಯಿಲ್ಲ, ನಡೆದರೆ ತೊಂದರೆ. ತಾಯಿಗೆ ವ್ಯಾಯಾಮ ಹೇಳಿಕೊಟ್ಟು, ಮೂಳೆ ಟೊಳ್ಳಾಗಿದೆಯೇ ಎಂದು ಪರೀಕ್ಷೆಗೆ ಬರೆದು ಕಳಿಸಿದೆ. ಯಜಮಾನರಿಗೂ ಮೊದಲು ಫಿಸಿಯೋಥೆರಪಿಯೇ. ಕೆಲವು ತಿಂಗಳು ಶ್ರದ್ಧೆಯಿಂದ ಮಾಡಿದರು. ಆದರೂ ನಡೆಯುವ ದೂರ ಕಮ್ಮಿಯಾಗುತ್ತಲೇ ಹೋಯಿತು. ಆಗ ಆಪರೇಷನ್ ಮಾಡಿದೆವು. ನರದ ಜಾಗ ಅಗಲ ಮಾಡಿದೆವು, ಅಷ್ಟೇ. ಮೂಳೆಗಳನ್ನು ಒಂದಕ್ಕೊಂದು ಬೆಸೆಯಲು ರಾಡು, ಸ್ಕ್ರೂ ಹಾಕಲಿಲ್ಲ. ಈಗ ಡೈರಿಗೆ ನಡೆದೇ ಹೋಗುತ್ತಾರೆ. ಚಿತ್ರ ನೋಡಿ ತೀರ್ಮಾನಿಸಿದ್ದರೆ ಬೇಡದವರಿಗೆ ಆಪರೇಷನ್ ಆಗುತ್ತಿತ್ತು, ಬೇಕಾದವರಿಗೆ ಮಾತ್ರೆ ಸಿಗುತ್ತಿತ್ತು.

ರಾಡು ಹಾಕಬೇಕು ಅಂದರೆ ಯಾಕೆ ಅಂತ ಕೇಳಿ. ಕೇಳುವುದರಲ್ಲಿ ಅಗೌರವ ಏನೂ ಇಲ್ಲ. ಸ್ವೀಡನ್ನಿನಲ್ಲಿ ಇಂಥ 247 ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬರೀ ಜಾಗ ಅಗಲ ಮಾಡಿಸಿಕೊಂಡವರಿಗಿಂತ, ಜೊತೆಗೆ ಮೂಳೆಯನ್ನೂ ಬೆಸೆಸಿಕೊಂಡವರು ಎರಡು ವರ್ಷದ ಮೇಲೂ ಹೆಚ್ಚೇನೂ ಸುಧಾರಿಸಿರಲಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕಿರಿದಾದ ಜಾಗವನ್ನು ಅದು ಅಗಲ ಮಾಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ದಿನಾ ನುಂಗಬೇಡಿ. ಈ ವಯಸ್ಸಿನಲ್ಲಿ ಅದು ಹೊಟ್ಟೆಗೂ ಕಿಡ್ನಿಗೂ ಏಟು ಕೊಡುತ್ತದೆ. ನೋವು ಅಂತ ವಾರಗಟ್ಟಲೆ ಮಲಗಲೂ ಬೇಡಿ. ನಾಳೆ ಬೆಳಿಗ್ಗೆ ನಡೆದು ನೋಡಿ, ಎಲ್ಲಿ ಕೂರಬೇಕಾಯಿತು ಅಂತ ಬರೆದಿಡಿ. ಒಂದು ತಿಂಗಳಾದ ಮೇಲೆ ಮತ್ತೆ ನೋಡಿ. ದೂರ ಹೆಚ್ಚಿದೆಯೋ, ಕಮ್ಮಿಯಾಗಿದೆಯೋ? ಡಾಕ್ಟರಿಗೆ ಮೊದಲು ಆ ಚೀಟಿ ತೋರಿಸಿ, ಕವರ್ ಆಮೇಲೆ.

ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ತಿಂಗಳು ಕಾಯುವಂತಿಲ್ಲ. ಬೆನ್ನುಮೂಳೆಗೂ ಟಿಬಿ ಬರುತ್ತದೆ. ಮೂತ್ರ ಕಟ್ಟಿಕೊಂಡರೆ, ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಆಗದಿದ್ದರೆ, ಬೆಳಗಾಗಲಿ ಅನ್ನಬೇಡಿ. ಅದೇ ರಾತ್ರಿ ಗಾಡಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ನಮಸ್ಕಾರ.