ಮಹಾರಾಣಾ ಕುಂಭನ ಶತ್ರುಗಳು ಯಾರೆಂದು ಸರಿಯಾಗಿ ನೋಡಿ

ನಮಸ್ಕಾರ ಸ್ನೇಹಿತರೇ. ರಾಜಸ್ಥಾನದ ಮೇವಾಡವನ್ನು ಆಳಿದ ರಾಣಾ ಕುಂಭ ಚಿತ್ತೋರಗಢದಲ್ಲಿ ಕಟ್ಟಿಸಿದ ವಿಜಯಸ್ತಂಭದ ಬಗ್ಗೆ ಮಾಡಿದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ‘ರಾಣಾ ಕುಂಭ ಧರ್ಮಕ್ಕಾಗಿ ಮಾತ್ರ ಕತ್ತಿ ಹಿಡಿದ, ಅವನಿಗೆ ಬೇರೆ ಶತ್ರುಗಳೇ ಇರಲಿಲ್ಲ.’ ಇದಕ್ಕೆ ರಾಶಿ ಮೆಚ್ಚುಗೆ. ಓದಿ ಸಿಟ್ಟು ಬಂತು. ಇವತ್ತು ಆ ಸಿಟ್ಟಿನಲ್ಲೇ ಮಾತನಾಡುತ್ತೇನೆ.

ಕುಂಭ 1433ರಲ್ಲಿ ಮೇವಾಡದ ಗದ್ದುಗೆ ಏರಿದ್ದು ಏಕೆ? ತಂದೆ ಮೋಕಲನ ಕೊಲೆಯಾಯಿತು, ಅದಕ್ಕೆ. ಕೊಂದವರು ಚಾಚಾ ಮತ್ತು ಮೇರಾ, ಮೋಕಲನ ಅಜ್ಜ ಕ್ಷೇತ್ರಸಿಂಹನ ದಾಸೀಪುತ್ರರು. ಅಂದರೆ ಮನೆಯವರೇ! ಸಂಚಿನಲ್ಲಿದ್ದ ಮಹಪಾ ಪಂವಾರ ಓಡಿಹೋಗಿ ಮಾಳವದ ಮಾಂಡುವಿನಲ್ಲಿ ಆಶ್ರಯ ಪಡೆದ. ಅವನನ್ನು ಒಪ್ಪಿಸೆಂದು ಕುಂಭ ಕೇಳಿದ, ಮಾಳವದ ಸುಲ್ತಾನ ಮಹಮೂದ್ ಖಿಲ್ಜಿ ಒಪ್ಪಲಿಲ್ಲ. 1437ರ ಸಾರಂಗಪುರದ ಯುದ್ಧ ಹೊತ್ತಿಕೊಂಡದ್ದು ಅಲ್ಲಿಂದ. ತಂದೆಯನ್ನು ಕೊಂದವನ ಬೆನ್ನು ಹತ್ತಿ ಮಗ ಹೂಡಿದ ಯುದ್ಧವದು.

ಇನ್ನು ನಾಗೌರ್. ಅಲ್ಲಿನ ದೊರೆ ಫಿರೋಜ್ ಖಾನ್ ಸತ್ತಾಗ ತಮ್ಮ ಮುಜಾಹಿದ್ ಖಾನ್ ಪಟ್ಟ ಕಿತ್ತುಕೊಂಡ. ಮಗ ಶಮ್ಸ್ ಖಾನ್ ನೆರವು ಬೇಡಿ ಯಾರ ಬಾಗಿಲಿಗೆ ಬಂದ? ಕುಂಭನ ಬಾಗಿಲಿಗೆ! ಕುಂಭ ಸೈನ್ಯ ಒಯ್ದು ಅವನನ್ನೇ ಪಟ್ಟಕ್ಕೆ ಕೂರಿಸಿದ. ಕೋಟೆಯ ಒಂದು ಭಾಗ ಕೆಡವಬೇಕೆಂಬುದು ಷರತ್ತು. ಪಟ್ಟ ಸಿಕ್ಕ ಮೇಲೆ ಶಮ್ಸ್ ಖಾನ್ ಮಾತು ತಪ್ಪಿದ, ಕುಂಭ ನಾಗೌರನ್ನೇ ವಶಪಡಿಸಿಕೊಂಡ. ಆಗ ಶಮ್ಸ್ ಖಾನ್ ಗುಜರಾತಿನ ಸುಲ್ತಾನನ ಮೊರೆ ಹೋದ. ಪರಸ್ಪರ ಕಚ್ಚಾಡುತ್ತಿದ್ದ ಗುಜರಾತ್ ಮತ್ತು ಮಾಳವದ ಸುಲ್ತಾನರು 1456ರಲ್ಲಿ ಚಾಂಪಾನೇರಿನಲ್ಲಿ ಒಪ್ಪಂದ ಮಾಡಿಕೊಂಡದ್ದು ಮೇವಾಡವನ್ನು ಹಂಚಿಕೊಳ್ಳಲು. ನೆಲ, ಸ್ನೇಹಿತರೇ, ನೆಲ ಮತ್ತು ಪಟ್ಟ!

ಮಹಮೂದ್ ದೇವಾಲಯ ಒಡೆಯಲಿಲ್ಲವೇ ಎಂದು ಕೇಳುತ್ತೀರಿ. ಒಡೆದ. ಕುಂಭಲಗಢದ ಬಳಿಯ ಬಾಣಮಾತೆಯ ಗುಡಿಯನ್ನೇ ಒಡೆದ. ಅಷ್ಟನ್ನೇ ಹಿಡಿದುಕೊಂಡು ಉಳಿದದ್ದಕ್ಕೆ ಕಣ್ಣು ಮುಚ್ಚಿದರೆ ಅದು ಇತಿಹಾಸವಾಗುವುದಿಲ್ಲ. ವಿಜಯಸ್ತಂಭದ ಒಳಗೆ ಅರಬ್ಬಿ ಲಿಪಿಯಲ್ಲಿ ‘ಅಲ್ಲಾಹ್’ ಎಂದು ಕೆತ್ತಿದೆ. ಅದನ್ನು ಯಾವ ಖಾನೆಗೆ ಹಾಕುತ್ತೀರಿ? ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಈಗಲೇ ಆಗಿ, ಆ ಕಂಬದ ಸಂಚಿಕೆಯನ್ನು ಪೂರ್ತಿ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.

ಮಾರವಾಡದ ರಜಪೂತರಾದ ರಾಠೋಡರನ್ನು ಮರೆತೇಬಿಟ್ಟಿರಲ್ಲ! ಮೋಕಲನ ಸೋದರಮಾವ, ರಾಠೋಡರ ರಣಮಲ್ಲ ಹಂತಕರ ಮೇಲೆ ಸೇಡು ತೀರಿಸಿಕೊಟ್ಟವನು. ಅವನ ಕೈ ಬಲವಾಯಿತೆಂದು 1438ರಲ್ಲಿ ಚಿತ್ತೋರದಲ್ಲೇ ಮೇವಾಡದವರು ಅವನನ್ನು ಮುಗಿಸಿದರು. ಮಗ ಜೋಧಾ ತಪ್ಪಿಸಿಕೊಂಡು ವರ್ಷಗಟ್ಟಲೆ ಮರುಭೂಮಿಯಲ್ಲಿ ಅಲೆದು, ರಾಠೋಡರ ರಾಜಧಾನಿ ಮಂಡೋರವನ್ನು ಮರಳಿ ಗೆದ್ದು, 1459ರಲ್ಲಿ ಜೋಧಪುರ ಕಟ್ಟಿದ. ರಜಪೂತರ ವಿರುದ್ಧ ರಜಪೂತರು, ಬೀಗರ ವಿರುದ್ಧ ಬೀಗರು. ಎಲ್ಲಿದೆ ನಿಮ್ಮ ಧರ್ಮಯುದ್ಧ? ಕುಂಭನ ಸ್ವಂತ ತಮ್ಮ ಖೇಮಾ ಸೇರಿಕೊಂಡದ್ದೂ ಮಾಳವದ ಸುಲ್ತಾನನನ್ನೇ!

ಇಂಥ ರಕ್ತಪಾತದ ನಡುವೆ ‘ಸಂಗೀತರಾಜ’ದಂತಹ ಗ್ರಂಥ ಬರೆದ ದೊರೆ ಅವನು. ತನ್ನ ನಾಟಕಗಳಲ್ಲಿ ಕರ್ಣಾಟ ಭಾಷೆಯನ್ನೂ ಬಳಸಿದ್ದನೆಂದು ಚಿತ್ತೋರದ ಪ್ರಶಸ್ತಿಶಾಸನ ಹೇಳುತ್ತದೆ. ನಮ್ಮ ಕನ್ನಡ! ಅಂಥವನನ್ನು ಬರಿಯ ಕತ್ತಿಯಾಗಿ ತೋರಿಸುತ್ತೀರಲ್ಲ, ನನಗೆ ಸಂಕಟವಾಗುತ್ತದೆ.

1468ರಲ್ಲಿ ಕುಂಭನನ್ನು ಕೊಂದದ್ದು ಮಾಳವವಲ್ಲ, ಗುಜರಾತ್ ಅಲ್ಲ. ಹೆತ್ತ ಮಗ ಊದಾ. ಪಟ್ಟಕ್ಕಾಗಿ ಕೊಂದ. ಪಟ್ಟಕ್ಕಾಗಿ! ಇದಕ್ಕೂ ಉತ್ತರವಿದ್ದರೆ ಕೆಳಗೆ ಬರೆಯಿರಿ, ಬೈಗುಳ ಬೇಡ, ಹೆಸರು ಇಸವಿ ಹಾಕಿ ಬರೆಯಿರಿ. ಮುಂದಿನ ಸಂಚಿಕೆ ಕುಂಭನ ಶಿಲ್ಪಿ ಸೂತ್ರಧಾರ ಮಂಡನನ ಕುರಿತು, ತಪ್ಪದೆ ಬನ್ನಿ.