ಹ್ಯುಪರ್ಜಿನ್ ಎ: ಪಾಚಿಯಂಥ ಗಿಡದಲ್ಲಿ ಫಿಟ್ಸ್‌ಗೆ ಮದ್ದಿದೆಯಾ?

ಸ್ಕ್ರೀನ್ ಮೇಲೆ ಕಾಣ್ತಿರೋ ಈ ಕುಳ್ಳ ಗಿಡಕ್ಕೆ ಹೂ ಇಲ್ಲ, ಕಾಯಿ ಇಲ್ಲ. ಜರೀಗಿಡದ ಥರ ಬೀಜಕಣದಿಂದ ಹುಟ್ಟುತ್ತೆ. ಹೆಸರು ಹ್ಯುಪರ್ಜಿಯಾ ಸೆರಾಟಾ. ಚೀನಾದಲ್ಲಿ ಚಿಯೆನ್ ತ್ಸೆಂಗ್ ಥಾ ಅಂತಾರೆ, ಸಾವಿರ ಅಂತಸ್ತಿನ ಗೋಪುರ ಅಂತ ಅರ್ಥ. ಎಲೆಗಳು ಸುತ್ತುಸುತ್ತಾಗಿ ಮೇಲೇರೋದನ್ನ ನೋಡಿ, ಹೆಸರು ಸರಿಯಾಗೇ ಇದೆ.

ಅಲ್ಲಿನ ವೈದ್ಯರು ಇದನ್ನ ಪೆಟ್ಟು ಬಿದ್ದಾಗ, ಊತ ಬಂದಾಗ ಕೊಡ್ತಿದ್ರು. 1986ರಲ್ಲಿ ಚೀನಾದ ರಸಾಯನಶಾಸ್ತ್ರಜ್ಞರು ಇದರಿಂದ ಬೇರ್ಪಡಿಸಿದ ಒಂದು ಆಲ್ಕಲಾಯ್ಡ್‌ನ, ಅಂದ್ರೆ ಗಿಡದಲ್ಲಿರೋ ಸಾರಜನಕದ ರಾಸಾಯನಿಕದ, ರಚನೆ ಪ್ರಕಟಿಸಿದ್ರು. ಅದೇ ಹ್ಯುಪರ್ಜಿನ್ ಎ. ಮೊದಲು ಬಳಕೆಗೆ ಬಂದಿದ್ದು ಮರೆವಿನ ಕಾಯಿಲೆಗೆ. ಅಪಸ್ಮಾರದ ಮಾತು ಬಂದಿದ್ದು ತುಂಬಾ ಆಮೇಲೆ. ಹಾಗಾಗಿ ‘ಸಾವಿರಾರು ವರ್ಷದ ಫಿಟ್ಸ್ ಔಷಧಿ’ ಅಂತ ಯಾರಾದ್ರೂ ಮಾರಿದ್ರೆ ನಂಬಬೇಡಿ.

ಈಗ ಒಗಟು ಶುರು. ಮೆದುಳಲ್ಲಿ ಅಸೆಟೈಲ್‌ಕೋಲಿನ್ ಅನ್ನೋ ಸಂದೇಶವಾಹಕ ಇದೆ, ಅದನ್ನ ಒಡೆದುಹಾಕೋ ಕಿಣ್ವವೂ ಇದೆ. ಹ್ಯುಪರ್ಜಿನ್ ಆ ಕಿಣ್ವದ ಕೈ ಕಟ್ಟಿಹಾಕುತ್ತೆ, ಅಸೆಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುತ್ತೆ. ಆದರೆ ಸೋಮನ್ ಅನ್ನೋ ವಿಷಾನಿಲ ಮಾಡೋದೂ ಇದೇ ಕೆಲಸ, ಅದರಿಂದ ಬರೋದು ಭಯಂಕರ ಫಿಟ್ಸ್! ಲ್ಯಾಬ್‌ನಲ್ಲಿ ಇಲಿಗಳಿಗೆ ಫಿಟ್ಸ್ ಬರಿಸೋಕೆ ಕೊಡೋ ಪೈಲೋಕಾರ್ಪಿನ್ ಕಿಣ್ವವನ್ನ ಮುಟ್ಟದಿದ್ರೂ, ಅಸೆಟೈಲ್‌ಕೋಲಿನ್ ಥರಾನೇ ನರಕೋಶಗಳನ್ನ ಕೆರಳಿಸುತ್ತೆ. ಮತ್ತೆ ಹ್ಯುಪರ್ಜಿನ್ ಮಾತ್ರ ಫಿಟ್ಸ್ ಹೇಗೆ ತಡೆಯುತ್ತೆ?

ಒಂದು, ಆ ಕಿಣ್ವಕ್ಕೆ ಸೋಮನ್ ಹಾಕಿದ ಬೀಗ ಸ್ವಲ್ಪ ಹೊತ್ತಲ್ಲೇ ಬಿಚ್ಚೋಕೇ ಆಗದಂತಾಗುತ್ತೆ. ಹ್ಯುಪರ್ಜಿನ್‌ದು ತಾನಾಗೇ ಸಡಿಲವಾಗುತ್ತೆ. ಎರಡು, ಅಸೆಟೈಲ್‌ಕೋಲಿನ್ ಬರೀ ಕೆರಳಿಸೋ ನರಕೋಶಗಳನ್ನಷ್ಟೇ ಮುಟ್ಟಲ್ಲ. ಗಾಬಾ ಅನ್ನೋ ಶಾಂತಗೊಳಿಸೋ ಸಂದೇಶವಾಹಕ ಸುರಿಸಿ ಅಕ್ಕಪಕ್ಕದ ಗಲಾಟೆ ಅಡಗಿಸೋ ಕೋಶಗಳನ್ನೂ ಎಬ್ಬಿಸುತ್ತೆ. ಪ್ರಮಾಣ ಹದವಾಗಿದ್ರೆ ಈ ಬ್ರೇಕ್ ಗೆಲ್ಲುತ್ತೆ. 2015ರ ಇಲಿ ಪ್ರಯೋಗದಲ್ಲಿ ಕಂಡಿದ್ದೂ ಮೆದುಳಿನ ಹೊರಪದರದ ಈ ಬ್ರೇಕ್ ಬಲವಾಗಿದ್ದು. 2016ರಲ್ಲಿ ಎಸ್‌ಸಿಎನ್1ಎ ಜೀನ್ ಕೆಟ್ಟ ಚಿಟ್ಟಿಲಿಗಳಲ್ಲಿ, ಮೈಬಿಸಿ ಏರಿಸಿದಾಗ ಬರೋ ಫಿಟ್ಸ್‌ನಿಂದ್ಲೂ ರಕ್ಷಣೆ ಸಿಕ್ತು.

ಆ ಜೀನ್ ಯಾಕೆ ಮುಖ್ಯ ಅಂದ್ರೆ, ಮಕ್ಕಳಲ್ಲಿ ಬರೋ ಡ್ರಾವೆ ಸಿಂಡ್ರೋಮ್ ಅನ್ನೋ ತೀವ್ರ ಅಪಸ್ಮಾರದ ಮೂಲ ಬಹುಪಾಲು ಅದೇ. ಕೆಡೋದು ಬ್ರೇಕ್ ಹಾಕೋ ಕೋಶಗಳ ಸೋಡಿಯಂ ಬಾಗಿಲು, ಅಂದ್ರೆ ಕೋಶದೊಳಕ್ಕೆ ಸೋಡಿಯಂ ಬಿಡೋ ದ್ವಾರ. ಹಾಗಾಗಿ ಸೋಡಿಯಂ ಬಾಗಿಲನ್ನೇ ಮುಚ್ಚೋ ಕಾರ್ಬಮಝೆಪಿನ್, ಲಾಮೋಟ್ರಿಜಿನ್ ಥರದ ಫಿಟ್ಸ್ ಮಾತ್ರೆ ಕೊಟ್ರೆ ಇವರಿಗೆ ಫಿಟ್ಸ್ ಹೆಚ್ಚಾಗಬಹುದು. ಬೇರೆ ದಾರಿಯ ಮದ್ದಿಗೆ ಬೆಲೆ ಬರೋದು ಇಲ್ಲೇ.

ಎಡವಟ್ಟಾಗೋದು ಪ್ರಮಾಣದಲ್ಲಿ. ಲೆಕ್ಕ ಮೈಕ್ರೋಗ್ರಾಂನಲ್ಲಿ: ಮಾತ್ರೆಯಲ್ಲಿ ಸಾಮಾನ್ಯವಾಗಿ 50ರಿಂದ 200. ಒಂದು ಮಿಲಿಗ್ರಾಂ ಅಂದ್ರೆ 1000 ಮೈಕ್ರೋಗ್ರಾಂ. ಶುದ್ಧ ಪುಡಿ ತರಿಸಿ ಸಣ್ಣ ತಕ್ಕಡಿಯಲ್ಲಿ ತೂಗೋರಿಗೆ ಒಂದು ಚಿಟಿಕೆಯ ವ್ಯತ್ಯಾಸ ಸಾಕು. ಕಷಾಯ ಇನ್ನೂ ಕಷ್ಟ, ಒಣಗಿದ ಗಿಡದಲ್ಲಿ ಇದು ತೀರಾ ಅಲ್ಪ, ಅದೂ ಗಿಡದಿಂದ ಗಿಡಕ್ಕೆ ಬದಲಾಗುತ್ತೆ. ಮೇಲಾಗಿ ಗಿಡ ಬೆಳೆಯೋದು ಆಮೆ ವೇಗದಲ್ಲಿ; ಕಾಡಿನಲ್ಲಿ ಕಿತ್ತು ಕಿತ್ತು ಅಪರೂಪವಾಗಿಬಿಟ್ಟಿದೆ.

ಸಾಮಾನ್ಯ ಮಾತ್ರೆ ನುಂಗಿದ ಸುಮಾರು ಒಂದು ಗಂಟೆಗೆ ರಕ್ತದಲ್ಲಿ ಶಿಖರಕ್ಕೇರುತ್ತೆ. ಓಕರಿಕೆ, ವಾಂತಿ, ಭೇದಿ, ನಾಡಿ ನಿಧಾನವಾಗೋದು ಎಲ್ಲ ಈ ಶಿಖರದ ಕಾಟ. ಅದಕ್ಕೇ ಎಸ್‌ಪಿಎನ್-817 ಅನ್ನೋ ಪ್ರಯೋಗದ ಔಷಧಿ, ಇದೇ ವಸ್ತುವನ್ನ ಮೆಲ್ಲಗೆ ಬಿಡುಗಡೆಯಾಗೋ ಹಾಗೆ ಕಟ್ಟಿರೋದು. ಔಷಧಿ ಮೂತ್ರದಲ್ಲೇ ಹೆಚ್ಚಾಗಿ ಹೋಗೋದ್ರಿಂದ ಕಿಡ್ನಿ ದುರ್ಬಲ ಇದ್ರೆ ದೇಹದಲ್ಲಿ ಜಮೆಯಾಗುತ್ತೆ. ಆಸ್ತಮಾ, ನಿಧಾನ ನಾಡಿ ಇರೋರು, ನಾಡಿ ನಿಧಾನ ಮಾಡೋ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರು, ಮರೆವಿಗೆ ಡೊನೆಪೆಝಿಲ್ ತಗೊಳ್ಳೋರು ಇದನ್ನ ಸೇರಿಸಿದ್ರೆ ಅಪಾಯ ಜಾಸ್ತಿ.

ಇನ್ನೊಂದು ಮಾತು, ಈಗ ನಡೀತಿರೋ ಮಾತ್ರೆ ನಿಲ್ಲಿಸಿ ಇದನ್ನ ಶುರು ಮಾಡೋ ಯೋಚನೆ ಇದ್ರೆ ಬಿಡಿ. ವಾಲ್‌ಪ್ರೋಯೇಟ್ ಥರದ್ದನ್ನ ದಿಢೀರ್ ಬಿಟ್ರೆ ಒಂದರ ಹಿಂದೊಂದು ಫಿಟ್ಸ್ ಬರಬಹುದು. 5 ನಿಮಿಷ ದಾಟಿಯೂ ನಿಲ್ಲದಿದ್ರೆ ಅದು ತುರ್ತು ಸ್ಥಿತಿ: ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಆಂಬುಲೆನ್ಸ್ ಕರೀರಿ.